ರುಚಿ ನಾಲಗೆಯದೋ, ಮೂಗಿನದೋ?



ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಏಲಕ್ಕಿ, ಕಾಳುಮೆಣಸು, ಕಾಫಿಪುಡಿ ಮೂರೂ ಇದ್ದೇ ಇರುತ್ತವೆ. ಇಂದಿನ ವಿಷಯಕ್ಕೆ ಅಷ್ಟು ಪ್ರಯೋಗಾಲಯ ಸಾಕು. ಮನೆಗೆ ಹೋದ ಮೇಲೆ ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದು ಎರಡು ಏಲಕ್ಕಿ ಕಾಳು ಅಗಿಯಿರಿ. ಸ್ವಲ್ಪ ಕಹಿ, ಸ್ವಲ್ಪ ತಂಪು, ಅಷ್ಟೇ. ಈಗ ಮೂಗು ಬಿಡಿ. ಏಲಕ್ಕಿ ಒಮ್ಮೆಲೇ ಬಾಯ್ತುಂಬ ಬರುತ್ತದೆ. ಕಾಳು ಬಾಯಲ್ಲೇ ಇತ್ತು, ನಾಲಗೆಯೂ ಅದೇ. ಹಾಗಾದರೆ ಬಂದದ್ದು ಎಲ್ಲಿಂದ?

ಬಾಯಿಯ ಹಿಂಭಾಗದಿಂದ ಮೂಗಿಗೆ ಒಂದು ಹಿತ್ತಿಲ ಬಾಗಿಲಿದೆ. ಅಗಿದಾಗ ಎದ್ದ ಪರಿಮಳ, ನಾವು ಉಸಿರು ಬಿಡುವಾಗ ಆ ದಾರಿಯಲ್ಲಿ ಮೇಲೇರಿ ಮೂಗಿನ ನೆತ್ತಿಯಲ್ಲಿರುವ ನರಕೋಶಗಳನ್ನು ಮುಟ್ಟುತ್ತದೆ. ಅಲ್ಲಿ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವುಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಮಾಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರ ನೊಬೆಲ್ ಬಹುಮಾನ ಬಂತು. ನಾಲಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ. ಜೊತೆಗೆ 1908ರಲ್ಲಿ ಜಪಾನಿನ ಇಕೆಡಾ ಗುರುತಿಸಿದ ಉಮಾಮಿ. ಉಳಿದ ವೈಭವವೆಲ್ಲ ಮೂಗಿನದು. ಆದರೆ ಮಿದುಳು ಎರಡನ್ನೂ ಬೆರೆಸಿ ಬಾಯಿಯ ಲೆಕ್ಕಕ್ಕೆ ಬರೆಯುತ್ತದೆ. ಬಿರಿಯಾನಿಯ ದಮ್ ತೆಗೆದ ಗಳಿಗೆಯಲ್ಲೇ ಅರ್ಧ ಊಟ ಆಗಿರುತ್ತದೆ, ಹೊಗಳಿಕೆ ಮಾತ್ರ ನಾಲಗೆಗೆ!

ನಮ್ಮ ಷಡ್ರಸಗಳಲ್ಲಿ ಖಾರವೂ ಇದೆಯಲ್ಲ ಎಂದು ಕೇಳಬಹುದು. ಕಾಳುಮೆಣಸನ್ನು ಮೂಗು ಹಿಡಿದೇ ಅಗಿದು ನೋಡಿ: ಘಮ ಹೋಗುತ್ತದೆ, ಉರಿ ಹಾಗೇ ಉಳಿಯುತ್ತದೆ. ಅದರಲ್ಲಿರುವ ಪೈಪರೀನ್ ಬಿಸಿ ಮತ್ತು ನೋವನ್ನು ತಿಳಿಸುವ ನರಗಳನ್ನು ಕೆಣಕುತ್ತದೆ. ಖಾರವೆಂಬುದು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಒಂದು ಬಗೆಯ ಸ್ಪರ್ಶ.

ಇನ್ನು ಕಾಫಿ. ಹಸಿ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ. ಹುರಿದಾಗ ನೂರಾರು ಪರಿಮಳ ದ್ರವ್ಯಗಳು ಹುಟ್ಟುತ್ತವೆ. ಮೂಗು ಹಿಡಿದು ಕುಡಿದರೆ ಅದು ಕಹಿ, ಹುಳಿ ಬೆರೆತ ಬಿಸಿನೀರು. ಕಾಫಿಯ ಗುಣ ಪರೀಕ್ಷಿಸುವವರು ಚಮಚದಿಂದ ಸೊರ್ ಎಂದು ಸದ್ದು ಮಾಡಿ ಹೀರುತ್ತಾರೆ. ನಮ್ಮ ಮನೆಗಳಲ್ಲಾದರೆ ಬೈಗುಳ ಖಂಡಿತ. ಹಾಗೆ ಹೀರಿದರೆ ಕಾಫಿ ಸಣ್ಣ ಹನಿಗಳಾಗಿ ಚದುರಿ ಪರಿಮಳ ಆ ಹಿಂಬಾಗಿಲಿಗೆ ಬೇಗ ತಲುಪುತ್ತದೆ. ಆಮೇಲೆ ಉಗಿಯುತ್ತಾರೆ. ಕಾಫಿ ಮಂಡಳಿ ಮಂಜರಾಬಾದ್ ಎಂಬ ಹೆಸರಿನಲ್ಲಿ ಗುರುತಿಸುವ ನಮ್ಮ ಭಾಗದ ಕಾಫಿಯೂ ಇದೇ ಪರೀಕ್ಷೆಗೆ ನಿಲ್ಲಬೇಕು. ಕಣದಲ್ಲಿ ಒಣಗುವಾಗ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದರೆ ಒಂದೇ ಗುಟುಕಿಗೆ ಗೊತ್ತಾಗುತ್ತದೆ. ಬೆಳೆಗಾರನ ವರ್ಷದ ದುಡಿಮೆಗೆ ಬೆಲೆ ಕುಸಿಯುತ್ತದೆ. ಇದನ್ನು ಕಲಿಸಲು ಕಾಫಿ ಮಂಡಳಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತ ಬಂದಿದೆ. ತೋಟದ ನಡುವೆ ಬೆಳೆದ ವಿಜ್ಞಾನದ ವಿದ್ಯಾರ್ಥಿಗಳು ಇತ್ತ ಏಕೆ ನೋಡಬಾರದು?

2020ರಲ್ಲಿ ಕೋವಿಡ್ ಬಂದಾಗ ಎಷ್ಟೋ ಮಂದಿ "ಬಾಯಿರುಚಿ ಹೋಯಿತು" ಎಂದರು. ಕೆಲವರಿಗೆ ನಾಲಗೆಯೂ ಸೋತಿತ್ತು, ಆದರೆ ಹಲವರಿಗೆ ಹೋದದ್ದು ವಾಸನೆ. ವಯಸ್ಸಾದಂತೆಯೂ ಅದು ಸದ್ದಿಲ್ಲದೆ ಕುಗ್ಗುತ್ತದೆ. ಅಜ್ಜಿ "ಸಾರು ಸಪ್ಪೆ" ಎಂದರೆ ಸೊಸೆಯ ಕೈಗುಣವನ್ನು ದೂರಬೇಡಿ; ಸಪ್ಪೆಯೆಂದು ಉಪ್ಪು ಸುರಿದರೆ ರಕ್ತದೊತ್ತಡ ಇರುವವರಿಗೆ ಅಪಾಯ. ಉಪ್ಪಿನ ಬದಲು ನಿಂಬೆ, ಮೆಣಸು ಹಾಕಿ ನೋಡಿ. ಅದಕ್ಕಿಂತ ದೊಡ್ಡ ಅಪಾಯ ಅಡುಗೆಮನೆಯಲ್ಲಿದೆ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ನಾರುವ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ. ಮೂಗು ಸೋತವರಿಗೆ ಆ ಎಚ್ಚರಿಕೆ ತಲುಪುವುದಿಲ್ಲ.

ಕಳೆದ ವಾಸನೆಗೆ ಒಂದು ಅಭ್ಯಾಸವಿದೆ. ಜರ್ಮನಿಯ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರೋಗಿಗಳು ಗುಲಾಬಿ, ನೀಲಗಿರಿ, ನಿಂಬೆ, ಲವಂಗದ ಪರಿಮಳಗಳನ್ನು ದಿನಕ್ಕೆರಡು ಬಾರಿ, 12 ವಾರ ಮೂಸಿದರು. ಕೆಲವರಿಗೆ ಗುಣ ಕಂಡಿತು. ಎಲ್ಲರಿಗೂ ಅಲ್ಲ, ಆದ್ದರಿಂದ ಕಿವಿ-ಮೂಗು-ಗಂಟಲು ವೈದ್ಯರನ್ನು ಮೊದಲು ಕಾಣಬೇಕು. ಇಂದು ರಾತ್ರಿ ಮನೆಯ ಹಿರಿಯರ ಮುಂದೆ ಒಂದು ಏಲಕ್ಕಿ ಜಜ್ಜಿ ಹಿಡಿಯಿರಿ, ಇದೇನೆಂದು ಕಣ್ಣು ಮುಚ್ಚಿಸಿ ಕೇಳಿ. ಅವರಿಗೆ ತಿಳಿಯದಿದ್ದರೆ ಮಲಗುವ ಮುನ್ನ ರೆಗ್ಯುಲೇಟರ್ ಆರಿಸುವ ಕೆಲಸ ನಿಮ್ಮದು.