ಮೊದಲು ಓದುವವರು ಯಾರು?
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಹಿಂದಿನ ಸಾಲಿನಲ್ಲಿ ತಮ್ಮ ತಂಗಿಯರು ಪಿಸುಗುಡುತ್ತಿದ್ದಾರೆ. ನಾನೂ ಅದೇ ಸಾಲಿನಲ್ಲಿ ಕುಳಿತವಳು.

ನನ್ನ ಮೊದಲ ಕವಿತೆ ಬೆಳಕು ಕಂಡದ್ದು ಈ ಶಾಲೆಯ ಭಿತ್ತಿಪತ್ರಿಕೆಯಲ್ಲಿ. ಕನ್ನಡ ಗುರುಗಳು ಕೆಂಪು ಪೆನ್ನಿನಿಂದ ಅರ್ಧ ಕವಿತೆ ಹೊಡೆದುಹಾಕಿ, ಉಳಿದದ್ದನ್ನು ನನ್ನ ಕೈಯಿಂದಲೇ ಮತ್ತೆ ಬರೆಸಿ ಅಂಟಿಸಿದರು. ಒಂದು ವಾರ ಅವರ ಮೇಲೆ ಸಿಟ್ಟಿತ್ತು.

ಈಗ ನಮ್ಮ ವಯಸ್ಸಿನವರು ಬರೆಯುವುದು ಮೊಬೈಲಿನಲ್ಲಿ. ನವನಗರದಲ್ಲಿ ಚಿಗರಿ ಬಸ್ ಹತ್ತಿದವಳು ಧಾರವಾಡದಲ್ಲಿ ಇಳಿಯುವುದರೊಳಗೆ ಒಂದು ಕವಿತೆ ಬರೆದು ಹಾಕಿರುತ್ತಾಳೆ. ಇದು ನಿನ್ನೆ ಮೊನ್ನೆಯದಲ್ಲ. ಹರಿಪ್ರಸಾದ್ ನಾಡಿಗರು ‘ಸಂಪದ’ ಶುರು ಮಾಡಿದ್ದು 2005ರಲ್ಲಿ. 2007ರಲ್ಲಿ ಅಬ್ದುಲ್ ರಶೀದರ ‘ಕೆಂಡಸಂಪಿಗೆ’ ಬಂತು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಲ್ಲಂತೂ ಯಾರ ಅಪ್ಪಣೆಯೂ ಬೇಡ, ಬರೆದವರೇ ಪ್ರಕಟಿಸಬಹುದು. ಹಾಸ್ಟೆಲ್ಲಿನ ಹುಡುಗಿ, ಗ್ಯಾರೇಜಿನ ಹುಡುಗ, “ಹಿಂಗ ಬರದ್ರ ನಡೀತದೇನ್ರಿ?” ಎಂದು ಯಾರನ್ನೂ ಕೇಳದೆ ಮನೆಮಾತಿನಲ್ಲೇ ಬರೆದರು. ಬೇಂದ್ರೆಯವರ ಊರಿನವರಿಗೆ ಆಡುಮಾತಿನಲ್ಲಿ ಬರೆಯಲು ಧೈರ್ಯ ಬೇಕೇ ಎಂದು ನೀವು ಕೇಳಬಹುದು. ನೋಟ್ಸಿನ ಕನ್ನಡ ಬರೆದು ಬರೆದು ಬೆಳೆದ ನಮಗೆ ಬೇಕಾಗಿತ್ತು.

“ಎಲ್ಲಾ ಜೊಳ್ಳು” ಅನ್ನುವ ಹಿರಿಯರಿದ್ದಾರೆ. 1964ರಲ್ಲಿ ಧಾರವಾಡದಿಂದ ‘ಸಂಕ್ರಮಣ’ ಹೊರಡಿಸಿದ ಚಂಪಾ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ 1939ರಲ್ಲಿ ಹುಟ್ಟಿದವರು. ವಯಸ್ಸು ನೀವೇ ಲೆಕ್ಕ ಹಾಕಿ. ತಮ್ಮ ದನಿಗೆ ತಾವೇ ಜಾಗ ಮಾಡಿಕೊಂಡವರು ಅವರೂ. ಆದರೆ ಆಗ ಬರೆದವರಿಗೂ ಓದುಗರಿಗೂ ನಡುವೆ ಸಂಪಾದಕರು, ಅಚ್ಚಿನ ಮೊಳೆ ಜೋಡಿಸುವವರು, ಅಂಚೆಯಣ್ಣ ಇದ್ದರು. ನಮಗಿರುವುದು ಒಂದೇ ಗುಂಡಿ.

ಆ ಗುಂಡಿಯನ್ನು ನಾನೊಮ್ಮೆ ಅವಸರದಲ್ಲಿ ಒತ್ತಿದೆ. ನನ್ನ ಜೊತೆ ಓದುತ್ತಿದ್ದ ಗೆಳತಿಯೊಬ್ಬಳನ್ನು ಪಿಯುಸಿ ಮುಗಿಯುವ ಮೊದಲೇ ಮದುವೆ ಮಾಡಿದ್ದರು. ಅವಳ ಕಥೆ ಬರೆದೆ. ಹೆಸರು ಬದಲಿಸಿದ್ದೆ. ಆದರೆ ಮನೆ ಮುಂದಿನ ಬೇವಿನ ಗಿಡ, ಅಪ್ಪನ ಹಳೆಯ ಲೂನಾ, ಅವಳ ಹುಬ್ಬಿನ ಮೇಲಿನ ಹೊಲಿಗೆ ಎಲ್ಲ ಹಾಗೇ ಇದ್ದವು. ಅವು ಇದ್ದದ್ದಕ್ಕೇ ಕಥೆ ಚೆನ್ನಾಗಿತ್ತು, ಅದೂ ನಿಜ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು, ಮರುದಿನ ಅವಳ ಅತ್ತೆಮನೆಗೆ. ಅವಳ ಫೋನು ಕಸಿದುಕೊಂಡರು. ನಾನು ಕಥೆ ಅಳಿಸಿದೆ. ಅಷ್ಟರಲ್ಲಿ ಅದರ ಸ್ಕ್ರೀನ್‌ಶಾಟ್ ವಾಟ್ಸಾಪಿನಲ್ಲಿ ಊರು ಸುತ್ತುತ್ತಿತ್ತು.

ಎಂಟು ತಿಂಗಳ ಮೇಲೆ ಅವಳು ತವರಿಗೆ ಬಂದಾಗ ಹೋಗಿ ಎದುರು ನಿಂತೆ. “ಕಥಿ ಛಂದ ಬರದಿದ್ದಿ. ನನ್ನ ಒಂದ್ ಮಾತು ಕೇಳಬೇಕಿತ್ತಲ್ಲ?” ಅಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಬರೆದದ್ದನ್ನು ಹಾಕುವ ಮೊದಲು ಯಾರಾದರೊಬ್ಬರಿಗೆ ಓದಿ ಹೇಳುತ್ತೇನೆ. ಕೆಂಪು ಪೆನ್ನಿನ ಗುರುಗಳು ಇಲ್ಲೇ ಮುಂದೆ ಕುಳಿತಿದ್ದಾರೆ. ಅವರಿಗೂ ಎರಡು ಸಲ ಕಳಿಸಿದ್ದೇನೆ. ಒಂದನ್ನು ಅರ್ಧ ಹೊಡೆದುಹಾಕಿದರು.

ಹೋದ ತಿಂಗಳು ಅದೇ ಗೆಳತಿಯಿಂದ ಒಂದು ಕಥೆ ಬಂತು, ಅವಳೇ ಬರೆದದ್ದು. ಹಾಕುವ ಮೊದಲು ನೀನೊಮ್ಮೆ ಓದು ಎಂದಿದ್ದಳು. ಬೇವಿನ ಗಿಡ ಇತ್ತು, ಲೂನಾ ಇತ್ತು. “ಇವನ್ನ ತಗದುಬಿಡು, ಗುರುತು ಹಿಡೀತಾರ” ಅಂದೆ.

“ಹಿಡೀಲಿ,” ಅಂದಳು. “ಈ ಸಲ ಬರದಾಕಿ ನಾನು.”