ಕೂಸು ಕೈಯಿಂದ ಹೇಳಿದ್ರ ಕೇಳೋರು ಯಾರು?

ಸಿಂದಗಿಯಿಂದ ಮಾತಾಡ್ತಿದೀನಿ. ಇವತ್ತಿನ ಮಾತು, ಇನ್ನೂ ಮಾತು ಬರದವರ ಬಗ್ಗೆ. ಅಂದ್ರ ಎಂಟು ತಿಂಗಳಿಂದ ಒಂದೂವರೆ ವರ್ಷದ ಕೂಸುಗಳ ಬಗ್ಗೆ. ಕಿವಿ ಚೆನ್ನಾಗಿ ಕೇಳುವ ಕೂಸಿಗೇ ಕೈಸನ್ನೆ ಕಲಿಸೋದನ್ನ ರೀಲ್ಸ್‌ನಾಗ ನೋಡಿರ್ತೀರಿ. "ಇದೇನೋ ಅಮೆರಿಕದವರ ಷೋಕಿ" ಅಂತ ಮುಂದಕ್ಕ ಸರಿಸಿರ್ತೀರಿ.

ಆದ್ರ ಒಂದ್ಸಲ ನಿಮ್ಮ ಮನೆಯನ್ನೇ ನೋಡ್ರಿ. ಟಾಟಾ ಮಾಡು, ಜೈ ಮಾಡು, ಚಪ್ಪಾಳೆ ಹೊಡಿ. ಇವೆಲ್ಲ ಏನು? ಕೈಸನ್ನೆನೇ. ಬಾಯಲ್ಲಿ ಒಂದು ಶಬ್ದ ಬರೋಕೂ ಮೊದಲೇ ಕೂಸು ಇವನ್ನ ಮಾಡ್ತದ. ಯಾಕಂದ್ರ ನಾಲಿಗೆ, ತುಟಿ, ಉಸಿರು ಮೂರನ್ನೂ ಒಟ್ಟಿಗೆ ಹಿಡಿತಕ್ಕ ತಗೊಳ್ಳೋದು ಕಷ್ಟದ ಕೆಲಸ. ಕೈ ಅದಕ್ಕಿಂತ ಬೇಗ ಪಳಗ್ತದ. ನನ್ನ ತಕರಾರು ಇಷ್ಟೇ: ನಾವು ಕಲಿಸೋ ಸನ್ನೆಗಳೆಲ್ಲ ಬಂದ ಬೀಗರ ಮುಂದ ಮಾಡಿಸೋ ಪ್ರದರ್ಶನ. ಹಾಲು ಬೇಕು, ಸಾಕು, ನೋಯ್ತದ ಅಂತ ಕೂಸು ತನ್ನ ಅಗತ್ಯ ಹೇಳೋಕೆ ನಾವು ಒಂದೂ ಸನ್ನೆ ಕೊಟ್ಟಿಲ್ಲ. ಅದಕ್ಕ ಉಳಿದಿರೋದು ಅಳು ಒಂದೇ.

ಇದರ ಹಿಂದೊಂದು ಕಥೆ ಅದ. ಕ್ಯಾಲಿಫೋರ್ನಿಯಾದಾಗ ಲಿಂಡಾ ಅಕ್ರೆಡೋಲೊ ಅಂತ ಮನೋವಿಜ್ಞಾನಿ. 1980ರ ದಶಕದ ಆರಂಭದಲ್ಲಿ ಅವರ ಒಂದು ವರ್ಷದ ಮಗಳು ಹೂವು ಕಂಡಾಗೆಲ್ಲ ಮೂಗು ಸೊರಸೊರ ಅನ್ನಿಸ್ತಿದ್ಲು. ವಾಸನೆ ನೋಡೋದೇ ಅವಳ ಪಾಲಿಗೆ "ಹೂವು" ಅನ್ನೋ ಶಬ್ದ. ಯಾರೂ ಕಲಿಸಿರಲಿಲ್ಲ. ಅಲ್ಲಿಂದ ಅವರು ಸೂಸನ್ ಗುಡ್ವಿನ್ ಜೊತೆ ಇಪ್ಪತ್ತು ವರ್ಷ ಇದನ್ನೇ ಅಭ್ಯಾಸ ಮಾಡಿದ್ರು. ಸನ್ನೆ ಕಲಿತ ಮಕ್ಕಳು ಮಾತನ್ನೂ ಬೇಗ ಕಲಿತಾರ ಅಂತ 2000ದಲ್ಲಿ ಬರೆದ್ರು. ಮಾರ್ಕೆಟ್‌ಗೆ ಅಷ್ಟು ಸಾಕಾಯ್ತು. ಪುಸ್ತಕ, ಕ್ಲಾಸು, ಕಾರ್ಡು ಎಲ್ಲ ಬಂದ್ವು.

ನಾನು ಬಿಕಾಂ ಓದಿದವನು. ಲಾಭ ಅಂತ ಯಾರಾದ್ರೂ ಹೇಳಿದ್ರ ಮೊದಲು ಲೆಕ್ಕ ತೋರ್ಸು ಅಂತೀನಿ. 2013ರಲ್ಲಿ ಇಂಗ್ಲೆಂಡಿನ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಕೂಸುಗಳನ್ನ ಎಂಟನೇ ತಿಂಗಳಿಂದ ಇಪ್ಪತ್ತನೇ ತಿಂಗಳವರೆಗೂ ಗಮನಿಸಿ ಲೆಕ್ಕ ತೋರಿಸಿದ್ರು. ಸನ್ನೆ ಕಲಿತವರ ಮಾತು ಬೇರೆಯವರಿಗಿಂತ ಮುಂದೆ ಇರಲಿಲ್ಲ. ಹಿಂದೆನೂ ಬೀಳಲಿಲ್ಲ. ಬದಲಾಗಿದ್ದು ತಾಯಂದಿರು! ಸನ್ನೆ ಕಲಿಸಿದ ತಾಯಂದಿರು ಕೂಸಿನ ಮುಖ, ಕೈ, ಕಣ್ಣಿನ ಸೂಚನೆಗೆ ಹೆಚ್ಚು ಸ್ಪಂದಿಸ್ತಿದ್ರು. ನನಗೆ ಇದೇ ದೊಡ್ಡ ಲಾಭ ಅನ್ನಿಸ್ತದ. ಕೂಸನ್ನ ಜಾಣ ಮಾಡ್ತೀವಿ ಅಂತ ದುಡ್ಡು ಕೇಳೋರಿಗೆ ಒಂದು ರೂಪಾಯಿನೂ ಕೊಡಬ್ಯಾಡ್ರಿ. ಆದ್ರ ಮೊಬೈಲ್ ಬದಿಗಿಟ್ಟು ಕೂಸಿನ ಕೈ ನೋಡೋಕೆ ಇದೊಂದು ನೆಪ ಆದ್ರ, ಪುಕ್ಕಟೆ ಸಿಗೋ ನೆಪ ಇದು.

ನಮ್ಮ ಮನೆಯಾಗ ಹೆಂಗ ನಡೀತು ಅಂದ್ರ, ಅಕ್ಕ ಒಂಬತ್ತು ತಿಂಗಳ ಮಗಳನ್ನ ಕರ್ಕೊಂಡು ತವರಿಗೆ ಬಂದಿದ್ಲು. ಹಾಲಿಗೆ ಸನ್ನೆ, ಮುಷ್ಟಿ ಹಿಡಿದು ಬಿಡೋದು. ಅವ್ವ ನೋಡಿ, "ಇದು ಎಮ್ಮಿ ಹಿಂಡೋದಲ್ಲೇನು, ಇದನ್ನೂ ಇಂಟರ್ನೆಟ್‌ನಾಗ ಕಲೀಬೇಕಾ?" ಅಂದ್ಲು. ಊಟಕ್ಕ ಐದೂ ಬೆರಳು ಕೂಡಿಸಿ ಬಾಯಿಗೆ. ನಿದ್ದಿಗೆ ಅಂಗೈ ಕೆನ್ನಿಗೆ. "ಮುಗೀತು" ಅನ್ನೋಕೆ ಎರಡೂ ಕೈ ತಿರುವೋದು. ನೀರಿಗೆ ಹೆಬ್ಬೆರಳು ಬಾಯಿಗೆ ಅಂತ ನಾನು ಅಂದಾಗ ಅಪ್ಪ ಬ್ಯಾಡ ಅಂದ್ರು, ಊರಾಗ ಅದರ ಅರ್ಥ ಬೇರೆ! ಆ ಸನ್ನೆ ಕೈಬಿಟ್ವಿ.

ಒಂದೇ ನಿಯಮ ಪಾಲಿಸಿದ್ವಿ. ಹಾಲು ಕೊಡೋ ಹೊತ್ತಿಗೇ, ಕೂಸಿನ ಕಣ್ಣ ಮುಂದ, ಬಾಯಿಂದ "ಹಾಲು" ಅಂತ ಹೇಳ್ತಾ ಸನ್ನೆ ಮಾಡೋದು. ಮಾತು ಬಿಟ್ಟು ಬರೀ ಸನ್ನೆ ಯಾವತ್ತೂ ಬ್ಯಾಡ. ಮನೆಯವರೆಲ್ಲ ಒಂದೇ ಸನ್ನೆ ಮಾಡಬೇಕು, ಇದು ಒಟ್ಟು ಕುಟುಂಬದಾಗ ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಐದು ವಾರ ಏನೂ ಆಗಲಿಲ್ಲ. ಆಮ್ಯಾಲೆ ಒಂದಿನ ಮಧ್ಯಾಹ್ನ ಕೈ ಚಿವುಟಿದಂಗ ಮಾಡಿದ್ಲು. ಮುಷ್ಟಿ ಸರಿಯಾಗಿರಲಿಲ್ಲ. ತೊದಲು ಮಾತಿದ್ದಂಗ ತೊದಲು ಸನ್ನೆನೂ ಇರ್ತದ. ಅದಾದ ಮ್ಯಾಲೆ ಓಣ್ಯಾಗ ಎಮ್ಮಿ ಹೋದ್ರೂ ಅದೇ ಸನ್ನೆ. ಅಳು ನಿಂತ್ಹೋಯ್ತಾ ಅಂದ್ರ ಇಲ್ರಿ. ಯಾಕ ಅಳ್ತಾಳ ಅಂತ ಮನೆಮಂದಿ ಜಗಳಾಡೋದು ಕಡಿಮೆ ಆಯ್ತು.

ಇದು ಮನೆಗಿಂತ ಹೆಚ್ಚು ಬೇಕಾಗಿರೋ ಜಾಗ ಇನ್ನೊಂದದ. ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದ "ಕೂಸಿನ ಮನೆ". ನರೇಗಾ ಕೆಲಸಕ್ಕ ಹೋಗೋ ತಾಯಂದಿರ ಸಣ್ಣ ಮಕ್ಕಳನ್ನ ಗ್ರಾಮ ಪಂಚಾಯ್ತಿ ಮಟ್ಟದಾಗ ನೋಡಿಕೊಳ್ಳೋ ಯೋಜನೆ. ತಾಂಡಾದಿಂದ ಬಂದ ಕೂಸು ಲಂಬಾಣಿ ಕೇಳಿ ಬೆಳೆದಿರ್ತದ, ಇನ್ನೊಂದು ಉರ್ದು, ನೋಡಿಕೊಳ್ಳೋ ಅಕ್ಕ ಕನ್ನಡ. ಐದು ಬೆರಳು ಬಾಯಿಗೆ ಹೋದ್ರ ಮೂರೂ ಭಾಷೆಯಾಗ ಒಂದೇ ಅರ್ಥ. ಅಲ್ಲಿನ ಅಕ್ಕಂದಿರು ನಾಲ್ಕು ಸನ್ನೆ ಗೋಡೆ ಮ್ಯಾಲೆ ಚಿತ್ರ ಬರೆಸಿ, ತಾಯಂದಿರಿಗೂ ತೋರಿಸಿದ್ರ ಖರ್ಚು ಒಂದು ಡಬ್ಬಿ ಬಣ್ಣ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕಿವಿ ಕೇಳದ ಕೂಸೂ ಈ ಸನ್ನೆಗಳನ್ನ ಚೆಂದ ಕಲೀತದ. ಮೊದಲ ತಿಂಗಳುಗಳಲ್ಲಿ ನಗ್ತದ, ಊಂ ಊಂ ಅಂತದ. ಹಂಗಾಗಿ "ಸನ್ನೆ ಮಾಡ್ತಾನಲ್ಲ, ಎಲ್ಲಾ ತಿಳೀತದ, ಗಂಡು ಹುಡುಗ್ರು ಮಾತು ತಡ" ಅಂತ ಮನೆಯವರು ನಿಶ್ಚಿಂತರಾಗಿಬಿಡೋ ಅಪಾಯ ಅದ. ನಮ್ಮ ಕಡೆ ಕಿವಿ ಪರೀಕ್ಷೆ ಅಂದ್ರ ಹಿಂದಿನಿಂದ ತಾಟು ಬಡಿಯೋದು. ಅದನ್ನ ನಂಬಬ್ಯಾಡ್ರಿ. ತಾಟಿನ ನಡುಕ ನೆಲದಿಂದ ತಟ್ಟಬಹುದು, ನೆರಳು ಕಂಡು ಕೂಸು ತಿರುಗಬಹುದು. ದೊಡ್ಡ ಸದ್ದು ಕೇಳೋ ಕಿವಿಗೆ ಮೆಲ್ಲನೆಯ ಮಾತು ಕೇಳದೆಯೂ ಇರಬಹುದು.

ಆರು ತಿಂಗಳ ಸುಮಾರಿಗೆ ಸದ್ದು ಬಂದ ಕಡೆ ತಿರುಗ್ತದಾ? ಒಂಬತ್ತು ತಿಂಗಳಿಗೆ ಹೆಸರು ಕರೆದ್ರ ನೋಡ್ತದಾ? ಇಲ್ಲ ಅಂದ್ರ ಕಾಯಬ್ಯಾಡ್ರಿ. ಮಲಗಿದ ಕೂಸಿನ ಕಿವಿಗೆ ಸಣ್ಣ ನಳಿಕೆ ಇಟ್ಟು ಕೆಲವೇ ನಿಮಿಷದಾಗ ಮಾಡೋ ಪರೀಕ್ಷೆ ಅದ, ನೋವಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಾಗ ಹುಟ್ಟು ಕಿವುಡುತನವೂ ಸೇರದ. ಆಶಾ ಕಾರ್ಯಕರ್ತೆಯನ್ನ ಕೇಳ್ರಿ, ಜಿಲ್ಲಾಸ್ಪತ್ರೆಗೆ ದಾರಿ ಹೇಳ್ತಾರ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಾಗ ಅದ. ಒಂದು ತಿಂಗಳೊಳಗ ತಪಾಸಣೆ, ಮೂರು ತಿಂಗಳೊಳಗ ಖಚಿತ ಪರೀಕ್ಷೆ, ಆರು ತಿಂಗಳೊಳಗ ನೆರವು ಅನ್ನೋದು ತಜ್ಞರ ಗುರಿ. ನಮ್ಮಲ್ಲಿ ಎರಡು ವರ್ಷ "ನೋಡೋಣ" ಅನ್ನೋದರಾಗೇ ಹೋಗ್ತದ.

ಮತ್ತ, ಪರೀಕ್ಷೆಯಲ್ಲಿ ಕಿವಿ ಕೇಳಲ್ಲ ಅಂತ ಬಂದ್ರ ನಮ್ಮ ನಾಲ್ಕು ಸನ್ನೆ ಸಾಲಲ್ಲ. ಸನ್ನೆ ಭಾಷೆ ಅನ್ನೋದು ವ್ಯಾಕರಣ ಇರೋ ಪೂರ್ಣ ಭಾಷೆ. ಗೌರಿಬಿದನೂರು ತಾಲೂಕಿನ ಅಲೀಪುರದಾಗ ಕಿವುಡರು ಹೆಚ್ಚು, ಅಲ್ಲಿ ಊರಿನದೇ ಸನ್ನೆ ಭಾಷೆ ಬೆಳೆದದ. ಕಿವಿ ಕೇಳೋ ಮಂದಿನೂ ಅದನ್ನ ಬಳಸ್ತಾರ. ಅದರ ಬಗ್ಗೆ ಪೂರ್ತಿ ಒಂದು ಎಪಿಸೋಡ್ ಮಾಡ್ತೀನಿ.

ನಿಮ್ಮ ಮನೆ ಕೂಸು ತಾನೇ ಕಂಡುಕೊಂಡ ಸನ್ನೆ ಏನರ ಇದ್ರ ವಾಯ್ಸ್ ನೋಟ್ ಕಳಿಸ್ರಿ. ಸನ್ನೆನ ಬಾಯಲ್ಲಿ ವಿವರಿಸೋದು ಕಷ್ಟ, ಆದ್ರೂ ಪ್ರಯತ್ನ ಮಾಡ್ರಿ. ಮುಂದಿನ ವಾರ ಸಿಗೋಣ್ರೀ.