ಯುದ್ಧದ ಕಡತ ಓದುವ ವಕೀಲರು

(ಕಾನೂನು ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



2004ರಲ್ಲಿ ಅಬೂಗುರೈಬ್ ಜೈಲಿನ ಚಿತ್ರಗಳು ಹೊರಬಿದ್ದಾಗ ಜಗತ್ತು ಬೆಚ್ಚಿಬಿದ್ದಿತು. ಬೆತ್ತಲೆ ಕೈದಿಗಳು, ತಲೆಗೆ ಚೀಲ ಹೊದಿಸಿಕೊಂಡು ನಿಂತ ಮನುಷ್ಯ, ಪಕ್ಕದಲ್ಲಿ ನಗುತ್ತಿರುವ ಸೈನಿಕರು. ನಾವೆಲ್ಲ ಆ ಚಿತ್ರಗಳನ್ನು ನೋಡಿದ್ದೇವೆ. ಆದರೆ ಆ ಚಿತ್ರಗಳ ಹಿಂದೆ ಒಂದು ಕಾಗದವಿತ್ತು, ಅದನ್ನು ನೋಡಿದವರು ಕಡಿಮೆ. ಅಲ್ಲಿ ಕೈದಿಗಳ ವಿಚಾರಣೆ ನಡೆಸುತ್ತಿದ್ದವರಲ್ಲಿ ಕೆಲವರು ಸೈನಿಕರಾಗಿರಲಿಲ್ಲ. ಸಿಎಸಿಐ ಎಂಬ ಖಾಸಗಿ ಕಂಪೆನಿಯ ನೌಕರರಾಗಿದ್ದರು. ಅವರನ್ನು ಕರೆತಂದದ್ದು ಯಾವ ಕರಾರಿನ ಮೂಲಕ? ಮಾಹಿತಿ ತಂತ್ರಜ್ಞಾನ ಸೇವೆಗಾಗಿ ಮಾಡಿಕೊಂಡಿದ್ದ ಕರಾರಿನ ಮೂಲಕ! ಅದನ್ನು ನಿರ್ವಹಿಸುತ್ತಿದ್ದುದು ರಕ್ಷಣಾ ಇಲಾಖೆಯೂ ಅಲ್ಲ. ರಾಷ್ಟ್ರೀಯ ಉದ್ಯಾನಗಳನ್ನೂ ಸಾರ್ವಜನಿಕ ಭೂಮಿಯನ್ನೂ ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ಒಂದು ಕಚೇರಿ, ಅದೂ ಅರಿಝೋನಾ ರಾಜ್ಯದಲ್ಲಿ. ಕಂಪ್ಯೂಟರ್ ಸೇವೆಯ ಹೆಸರಿನ ಕಾಗದದ ಮೇಲೆ ಬಾಗ್ದಾದಿನ ಬಳಿಯ ಜೈಲಿಗೆ ವಿಚಾರಣೆಗಾರರು ಬಂದಿಳಿದರು.

ಸರಕಾರಿ ತನಿಖೆಗಳು ಆ ಬಳಿಕ ಹೇಳಿದ್ದೇನು? ವಿಚಾರಣೆಯ ಸೇವೆ ಆ ಕರಾರಿನ ವ್ಯಾಪ್ತಿಯೊಳಗೆ ಇರಲೇ ಇಲ್ಲ ಎಂದವು. 2005ರಲ್ಲಿ ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ ಇನ್ನೂ ಮುಂದೆ ಹೋಗಿ, ಸರಕಾರಿ ಅಧಿಕಾರಿಗಳು ಮಾಡಬೇಕಿದ್ದ ಖರೀದಿ ನಿರ್ಧಾರಗಳಲ್ಲಿ ಕೆಲವನ್ನು ಕಂಪೆನಿಯೇ ಮಾಡಿತ್ತೆಂದು ಬರೆಯಿತು. ಇದು ವ್ಯಾಪ್ತಿಯೊಳಗೆ ಬರುತ್ತದೆಯೇ ಎಂದು ಯಾರಾದರೂ ಆರಂಭದಲ್ಲೇ ಗಟ್ಟಿಯಾಗಿ ಕೇಳಿ, ಕಡತವನ್ನು ತಡೆದಿದ್ದರೆ? ಕ್ರೌರ್ಯ ನಿಲ್ಲುತ್ತಿತ್ತು ಎಂದು ನಾವು ಹೇಳಲಾರೆವು. ಸಮವಸ್ತ್ರದವರೂ ಅದರಲ್ಲಿ ಪಾಲುದಾರರೇ. ಆದರೆ ಆ ಒಂದು ದಾರಿಯಾದರೂ ಮುಚ್ಚುತ್ತಿತ್ತು. ಇರಾಕಿನ ಮೂವರು ಹೂಡಿದ ದಾವೆಯಲ್ಲಿ ಕಂಪೆನಿ 42 ದಶಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ವರ್ಜೀನಿಯಾದ ಜ್ಯೂರಿ ತೀರ್ಪಿತ್ತದ್ದು 2024ರ ನವೆಂಬರಿನಲ್ಲಿ, ಅಂದರೆ ಇಪ್ಪತ್ತು ವರ್ಷಗಳ ಬಳಿಕ. ಕಂಪೆನಿ ತಪ್ಪನ್ನು ನಿರಾಕರಿಸುತ್ತಲೇ ಬಂದಿದೆ, ಮೇಲ್ಮನವಿಯ ದಾರಿಯನ್ನೂ ಹಿಡಿಯಿತು.

ಕಡತವನ್ನು ಮೊದಲೇ ಓದಿ ಇಂಥ ಪ್ರಶ್ನೆ ಕೇಳುವುದನ್ನೇ ಉದ್ಯೋಗವಾಗಿ ಮಾಡಿಕೊಂಡವರು ಅಮೆರಿಕದಲ್ಲಿದ್ದಾರೆ. ಸೇನೆಯ ಗುತ್ತಿಗೆ ಕರಾರುಗಳ ವಕೀಲರು. ಇವತ್ತು ನಾವು ಮಾತಾಡಲಿರುವುದು ಅವರ ಬಗ್ಗೆ. ವಕೀಲರೆಂದರೆ ಕರಿ ಕೋಟು, ಜಾಮೀನು ಅರ್ಜಿ, ಜಮೀನಿನ ತಕರಾರು ಎಂದಷ್ಟೇ ಭಾವಿಸಿರುವ ನಮ್ಮ ಮನೆಗಳಿಗೆ ಇದು ಹೊಸ ಲೋಕ.

ಅಮೆರಿಕದ ರಕ್ಷಣಾ ಇಲಾಖೆ ಇತ್ತೀಚಿನ ವರ್ಷಗಳಲ್ಲಿ ಗುತ್ತಿಗೆಗಳ ಮೇಲೆ ವಾರ್ಷಿಕ 400 ಶತಕೋಟಿ ಡಾಲರಿಗೂ ಹೆಚ್ಚು ವೆಚ್ಚ ಮಾಡುತ್ತಿದೆ. ಯುದ್ಧವಿಮಾನದಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲವೂ ಕರಾರಿನ ಮೂಲಕವೇ ಬರಬೇಕು. ಈ ಕರಾರುಗಳಿಗೆ ಸಹಿ ಹಾಕುವ ಅಧಿಕಾರ ಸೇನಾಪತಿಗೂ ಇಲ್ಲ. ಲಿಖಿತ ಅಧಿಕಾರಪತ್ರ ಪಡೆದ ಕಾಂಟ್ರಾಕ್ಟಿಂಗ್ ಆಫೀಸರ್ ಮಾತ್ರ ಸರಕಾರವನ್ನು ಬದ್ಧಗೊಳಿಸಬಲ್ಲರು. ಅಧಿಕಾರವಿಲ್ಲದ ನೌಕರ ಕೊಟ್ಟ ಮಾತು ಸರಕಾರವನ್ನು ಕಟ್ಟಿಹಾಕದು, ಎದುರಿನವರು ಎಷ್ಟೇ ಪ್ರಾಮಾಣಿಕವಾಗಿ ನಂಬಿದ್ದರೂ ಸರಿಯೇ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1947ರಲ್ಲೇ ಹೇಳಿತ್ತು. ಬೆಳೆ ವಿಮೆಗೆ ಸಂಬಂಧಿಸಿದ ಆ ಪ್ರಕರಣದಲ್ಲಿ ಸೋತದ್ದು ರೈತ ಎಂಬುದು ಬೇರೆ ಮಾತು.

ವಕೀಲರು ಈ ಆಫೀಸರರ ಪಕ್ಕದಲ್ಲಿ ಕೂರುವವರು. ಕೆಲವರು ಸಮವಸ್ತ್ರ ಧರಿಸಿದ ಜಡ್ಜ್ ಅಡ್ವೊಕೇಟ್‌ಗಳು, ಇನ್ನು ಕೆಲವರು ನಾಗರಿಕ ನೌಕರರು. ವರ್ಜೀನಿಯಾದ ಶಾರ್ಲಟ್ಸ್‌ವಿಲ್‌ನಲ್ಲಿ ಭೂಸೇನೆಯದ್ದೇ ಕಾನೂನು ಶಾಲೆಯಿದ್ದು, ಅಲ್ಲಿ ಕರಾರು ಕಾನೂನನ್ನೂ ಸರಕಾರಿ ಹಣಕಾಸಿನ ಕಾನೂನನ್ನೂ ಜೊತೆಯಾಗಿ ಕಲಿಸುತ್ತಾರೆ. ಎರಡನ್ನೂ ಜೊತೆಗೆ ಕಲಿಸುವುದಕ್ಕೆ ಕಾರಣವಿದೆ. ಒಂದು ಖರೀದಿಯ ಕಡತ ಬಂದರೆ ಹಣದ ಬಗ್ಗೆಯೇ ಮೂರು ವಿಷಯಗಳನ್ನು ನೋಡಬೇಕು. ಸಂಸತ್ತು ಈ ಹಣವನ್ನು ಈ ಉದ್ದೇಶಕ್ಕೇ ಕೊಟ್ಟಿದೆಯೇ, ಅದರ ಅವಧಿ ಮುಗಿದಿಲ್ಲವೇ, ಮೊತ್ತ ಮಿತಿಯೊಳಗಿದೆಯೇ. ದುರಸ್ತಿಗೆಂದು ಕೊಟ್ಟ ಹಣದಲ್ಲಿ ಹೊಸ ಕಟ್ಟಡ ಕಟ್ಟಿದರೆ, ಕಟ್ಟಡ ಎಷ್ಟೇ ಅಗತ್ಯವಿದ್ದರೂ ಕಾನೂನು ಮುರಿದಂತೆ. ಅಲ್ಲಿನ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ನಮ್ಮ ಕಚೇರಿಗಳಲ್ಲಿ ಮಾರ್ಚ್ ಕೊನೆಯ ವಾರ ಬಿಲ್ಲುಗಳು ಓಡುವುದನ್ನು ನೋಡಿದವರಿಗೆ ಅಲ್ಲಿನ ಸೆಪ್ಟೆಂಬರನ್ನು ವಿವರಿಸಬೇಕಾಗಿಲ್ಲ.

ಅನಂತರ ಪೈಪೋಟಿಯ ಪ್ರಶ್ನೆ. 1984ರ ಕಾಯ್ದೆಯಂತೆ ಖರೀದಿ ಪೂರ್ಣ ಹಾಗೂ ಮುಕ್ತ ಸ್ಪರ್ಧೆಯಲ್ಲಿ ನಡೆಯಬೇಕು. ಅದಕ್ಕೆ ಏಳು ವಿನಾಯಿತಿಗಳುಂಟು, ಅವುಗಳಲ್ಲೊಂದು ತುರ್ತು. ಯುದ್ಧಕಾಲದಲ್ಲಿ ತುರ್ತು ಅಲ್ಲದ್ದು ಯಾವುದು? ಭ್ರಷ್ಟಾಚಾರ ಯಾವಾಗಲೂ ಲಂಚದ ಕವರಿನೊಂದಿಗೇ ಬರುವುದಿಲ್ಲ. ತುರ್ತು ಎಂಬ ಪದದೊಂದಿಗೂ ಬರುತ್ತದೆ. 2003ರಲ್ಲಿ ಇರಾಕಿನ ಮೇಲೆ ದಾಳಿ ಆರಂಭವಾಗುವ ಹೊತ್ತಿಗೆ, ಅಲ್ಲಿನ ತೈಲ ಸ್ಥಾವರಗಳ ದುರಸ್ತಿಯ ಗುತ್ತಿಗೆ ಟೆಂಡರ್ ಇಲ್ಲದೆ ಹ್ಯಾಲಿಬರ್ಟನ್ ಸಮೂಹದ ಕೆಬಿಆರ್ ಕಂಪೆನಿಗೆ ಹೋಯಿತು. ಗರಿಷ್ಠ ಮೊತ್ತ 7 ಶತಕೋಟಿ ಡಾಲರ್. ಹ್ಯಾಲಿಬರ್ಟನ್‌ನ ಮುಖ್ಯಸ್ಥರಾಗಿದ್ದ ಡಿಕ್ ಚೆನಿ ಆಗ ಅಮೆರಿಕದ ಉಪಾಧ್ಯಕ್ಷರು. ಸೇನೆಯ ಎಂಜಿನಿಯರ್ಸ್ ಕೋರ್‌ನಲ್ಲಿ ಗುತ್ತಿಗೆಗಳ ಅತ್ಯುನ್ನತ ನಾಗರಿಕ ಅಧಿಕಾರಿಯಾಗಿದ್ದವರು ಬನ್ನಟೈನ್ ಗ್ರೀನ್‌ಹೌಸ್ ಎಂಬ ಕರಿಯ ಮಹಿಳೆ. ತುರ್ತೆಂದು ಒಪ್ಪೋಣ, ಆದರೆ ತುರ್ತಿಗೆ ಐದು ವರ್ಷದ ಅವಧಿ ಏಕೆ ಎಂಬುದು ಅವರ ಆಕ್ಷೇಪವಾಗಿತ್ತು. ಯಾರೂ ಕಿವಿಗೊಡದಾಗ ಅವರು ಸಹಿಯ ಪಕ್ಕದಲ್ಲೇ ತಮ್ಮ ಆಕ್ಷೇಪವನ್ನು ಕೈಬರಹದಲ್ಲಿ ಬರೆದರು. ಆ ಬರಹ ಕಡತದಲ್ಲಿ ಉಳಿಯಿತು. 2005ರ ಜೂನಿನಲ್ಲಿ ಅವರು ಸಂಸದರ ಮುಂದೆ ಬಹಿರಂಗವಾಗಿ ಸಾಕ್ಷಿ ನುಡಿದರು. ಆಗಸ್ಟಿನಲ್ಲಿ ಅವರಿಗೆ ಹಿಂಬಡ್ತಿಯಾಯಿತು. ಕೆಲಸ ಸರಿಯಿರಲಿಲ್ಲ ಎಂದು ಕೋರ್ ಹೇಳಿತು. ಆರು ವರ್ಷಗಳ ಬಳಿಕ, 2011ರಲ್ಲಿ, ಸರಕಾರ 9,70,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಗ್ರೀನ್‌ಹೌಸ್ ವಕೀಲರಲ್ಲ. ಅವರ ಕತೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಸಹಿ ಹಾಕುವ ಅಧಿಕಾರವಿದ್ದವರ ಗತಿಯೇ ಹೀಗಾದರೆ, ಬರೇ ಸಲಹೆ ಕೊಡುವ ವಕೀಲರ ಸ್ಥಿತಿಯನ್ನು ನಾವು ಊಹಿಸಬಹುದು. ವಕೀಲರು ಬರೆಯುವುದು ಅಭಿಪ್ರಾಯ ಮಾತ್ರ. ಕಾನೂನಿನ ದೃಷ್ಟಿಯಿಂದ ಆಕ್ಷೇಪವಿಲ್ಲ, ಅಥವಾ ಇದೆ. ಅದನ್ನು ಬದಿಗಿಟ್ಟು ಮುಂದುವರಿಯಲು ಅಧಿಕಾರಿಗೆ ಸಾಧ್ಯವಿದೆ. ಹಾಗಾದರೆ ಆ ಅಭಿಪ್ರಾಯಕ್ಕೆ ಬೆಲೆಯೇನು? ನಾಳೆ ಸೋತ ಕಂಪೆನಿ ಜಿಎಒ ಮುಂದೆ ತಕರಾರು ಸಲ್ಲಿಸುತ್ತದೆ. ಸಮಯಕ್ಕೆ ಸರಿಯಾಗಿ ಸಲ್ಲಿಸಿದರೆ ಗುತ್ತಿಗೆಯ ಕೆಲಸ ಸಾಮಾನ್ಯವಾಗಿ ತಡೆಯಲ್ಪಡುತ್ತದೆ, 100 ದಿನಗಳೊಳಗೆ ತೀರ್ಮಾನ ಬರಬೇಕು. ಆಗ ಕಡತದಲ್ಲಿನ ಸಂಬಂಧಪಟ್ಟ ದಾಖಲೆಗಳು ಜಿಎಒ ಮುಂದೆ ಬರುತ್ತವೆ. ವಕೀಲರ ಎಚ್ಚರಿಕೆಯನ್ನು ಕಡೆಗಣಿಸಿದವರಿಗೆ ಅಂದು ನಿದ್ದೆ ಬಾರದು.

ವಾಯುಸೇನೆಯ ಇಂಧನ ವಿಮಾನಗಳ ಪ್ರಕರಣವನ್ನೇ ನೋಡಿ. ಸುಮಾರು 23 ಶತಕೋಟಿ ಡಾಲರಿನ ಬಾಡಿಗೆ ಯೋಜನೆಯ ಮಾತುಕತೆ ಬೋಯಿಂಗ್ ಜೊತೆ ನಡೆಯುತ್ತಿದ್ದಾಗಲೇ, ಖರೀದಿ ವಿಭಾಗದ ಹಿರಿಯ ಅಧಿಕಾರಿ ಡಾರ್ಲೀನ್ ಡ್ರುಯನ್ ಅದೇ ಕಂಪೆನಿಯಲ್ಲಿ ತಮಗೊಂದು ಹುದ್ದೆಯ ಮಾತುಕತೆಯನ್ನೂ ನಡೆಸುತ್ತಿದ್ದರು. ಅವರ ಮಗಳಿಗೂ ಅಳಿಯನಿಗೂ ಅಲ್ಲಿ ಕೆಲಸ ಸಿಕ್ಕಿತ್ತು. ಅವರು 2004ರಲ್ಲಿ ತಪ್ಪೊಪ್ಪಿಕೊಂಡು ಒಂಬತ್ತು ತಿಂಗಳ ಸೆರೆವಾಸ ಪಡೆದರು. ಕಂಪೆನಿಯ ಹಣಕಾಸು ಮುಖ್ಯಸ್ಥನಿಗೆ ನಾಲ್ಕು ತಿಂಗಳು. ಬೋಯಿಂಗ್ 2006ರಲ್ಲಿ ಈ ಪ್ರಕರಣವೂ ಸೇರಿದಂತೆ 615 ದಶಲಕ್ಷ ಡಾಲರ್ ತೆತ್ತಿತು. ಇಷ್ಟೆಲ್ಲ ಆದ ಮೇಲೆ 2008ರಲ್ಲಿ ಅದೇ ಗುತ್ತಿಗೆ ಎದುರಾಳಿಗಳ ಪಾಲಾದಾಗ ತಕರಾರು ಸಲ್ಲಿಸಿದ್ದು ಬೋಯಿಂಗ್, ಮತ್ತು ಗೆದ್ದದ್ದೂ ಬೋಯಿಂಗ್! ಮೌಲ್ಯಮಾಪನದಲ್ಲಿ ವಾಯುಸೇನೆ ತಾನೇ ಪ್ರಕಟಿಸಿದ ನಿಯಮಗಳನ್ನು ಪಾಲಿಸಿರಲಿಲ್ಲ. ನಿನ್ನೆ ತಪ್ಪು ಮಾಡಿದವರೆಂಬ ಕಾರಣಕ್ಕೆ ಇಂದಿನ ನ್ಯಾಯವನ್ನು ನಿರಾಕರಿಸಲಾಗದು ಎಂಬ ಕಹಿ ಸತ್ಯವನ್ನು ಸರಕಾರದ ವಕೀಲರು ನುಂಗಬೇಕಾಯಿತು. 2011ರಲ್ಲಿ ಗುತ್ತಿಗೆ ಮತ್ತೆ ಬೋಯಿಂಗ್‌ಗೇ ಹೋಯಿತು.

ಸಹನೆಯ ವಿಷಯದಲ್ಲಿ ಈ ವಕೀಲರನ್ನು ಮೀರಿಸುವವರಿಲ್ಲ. ಎ-12 ಎಂಬ ವಿಮಾನದ ಕರಾರು ವಿಳಂಬವಾಗುತ್ತಿದೆಯೆಂದು ನೌಕಾಸೇನೆ ಅದನ್ನು 1991ರ ಜನವರಿಯಲ್ಲಿ ರದ್ದು ಮಾಡಿತು. ತಪ್ಪು ಯಾರದು ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ಮರಳಿ, ರಾಜಿಯಾದದ್ದು 2014ರಲ್ಲಿ. ಇಪ್ಪತ್ತಮೂರು ವರ್ಷ. ಸಿವಿಲ್ ದಾವೆಗಳು ಅಜ್ಜನಿಂದ ಮೊಮ್ಮಗನಿಗೆ ಬರುವುದು ನಮ್ಮಲ್ಲಿ ಮಾತ್ರ ಎಂದು ಕೊರಗುವವರಿಗೆ ಇದರಿಂದ ಸಮಾಧಾನವಾಗಬಹುದು.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಇಂಥ ದೊಡ್ಡ ವ್ಯಾಜ್ಯಗಳಲ್ಲ. 2008ರ ಜನವರಿಯಲ್ಲಿ ಬಾಗ್ದಾದಿನ ನೆಲೆಯೊಂದರಲ್ಲಿ ಸ್ನಾನ ಮಾಡುತ್ತಿದ್ದ ಅಮೆರಿಕದ ಸೈನಿಕನೊಬ್ಬ ವಿದ್ಯುತ್ ತಗಲಿ ಸತ್ತ. ಇರಾಕಿನಲ್ಲಿ ಹೀಗೆ ವಿದ್ಯುದಾಘಾತದಿಂದಾದ 18 ಸಾವುಗಳನ್ನು ರಕ್ಷಣಾ ಇಲಾಖೆಯ ತನಿಖಾ ವಿಭಾಗ ಪರಿಶೀಲಿಸಿತು. ಆ ಕಟ್ಟಡದ ನಿರ್ವಹಣೆ ಕೆಬಿಆರ್‌ನದ್ದಾಗಿತ್ತು. ಕಂಪೆನಿ ಹೊಣೆಯನ್ನು ನಿರಾಕರಿಸಿತು. ವಾದ ಬಂದು ನಿಂತದ್ದು ಕರಾರಿನ ಪದಗಳ ಮೇಲೆ. ಕೆಟ್ಟದ್ದನ್ನು ಹೇಳಿದಾಗ ಸರಿಪಡಿಸುವುದಷ್ಟೇ ಕರ್ತವ್ಯವೋ, ಅಪಾಯವನ್ನು ಹುಡುಕಿ ತಡೆಯುವುದೂ ಸೇರಿದೆಯೋ? ನಿರ್ವಹಣೆ ಎಂಬ ಒಂದು ಪದದ ಅರ್ಥವನ್ನು ಮೇಜಿನ ಮುಂದೆ ಕೂತು ಬರೆಯುವವರು, ಅದು ಒಬ್ಬನ ಸ್ನಾನದ ಕೋಣೆಯವರೆಗೂ ತಲಪುತ್ತದೆಂದು ಯೋಚಿಸಿರುತ್ತಾರೆಯೇ?

ಈ ಕಾಳಜಿ ಹೊಸತಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ವ್ಯಾಪಾರಿಗಳು ಮದ್ದಿನ ಪೆಟ್ಟಿಗೆಯಲ್ಲಿ ಮರದ ಹುಡಿ ತುಂಬಿಸಿ, ಚಿಂದಿ ಉಣ್ಣೆಯನ್ನು ಒತ್ತಿ ಮಾಡಿದ ಸಮವಸ್ತ್ರಗಳನ್ನು ಸೇನೆಗೆ ಮಾರಿದರು. ಅದಕ್ಕಾಗಿ 1863ರಲ್ಲಿ ಸುಳ್ಳು ಹಕ್ಕುಸಾಧನೆಯ ವಿರುದ್ಧದ ಕಾಯ್ದೆ ಬಂತು. ಲಿಂಕನ್ ಕಾಯ್ದೆಯೆಂದೇ ಅದರ ಖ್ಯಾತಿ. ಮೋಸವನ್ನು ಬಲ್ಲ ಸಾಮಾನ್ಯ ಪ್ರಜೆಯೂ ಸರಕಾರದ ಪರವಾಗಿ ದಾವೆ ಹೂಡಬಹುದು. 1986ರ ತಿದ್ದುಪಡಿಯ ಬಳಿಕ ನಷ್ಟದ ಮೂರು ಪಟ್ಟು ವಸೂಲಿ, ದಾವೆ ಹೂಡಿದವರಿಗೆ ಅದರಲ್ಲಿ ಸಾಮಾನ್ಯವಾಗಿ ಶೇ. 15ರಿಂದ 30ರಷ್ಟು ಪಾಲು.

ಹಾಗೆಂದು ನಾವು ಈ ವೃತ್ತಿಯನ್ನು ಪವಿತ್ರಗೊಳಿಸಬೇಕಾಗಿಲ್ಲ. ಇರಾಕಿನ ಮೇಲಿನ ಯುದ್ಧ ನ್ಯಾಯವೇ ಎಂಬ ಪ್ರಶ್ನೆ ಕರಾರು ವಕೀಲರ ಕೋಣೆಯೊಳಗೆ ಬರುವುದಿಲ್ಲ. ಬಾಂಬಿನ ಟೆಂಡರ್ ಕ್ರಮಬದ್ಧವಾಗಿದ್ದರೆ ಅವರ ಕೆಲಸ ಮುಗಿಯಿತು. ಬಾಂಬು ಯಾರ ಮನೆಯ ಮೇಲೆ ಬೀಳುತ್ತದೆಂಬುದು ಬೇರೆ ಇಲಾಖೆಯ ವಿಷಯ. ಮನಸ್ಸಾಕ್ಷಿಯಿರುವ ಯುವಕನೊಬ್ಬ ಅಲ್ಲಿ ಕೂರಬಹುದೇ? ಅಲ್ಲಿ ಪ್ರಶ್ನೆ ಕೇಳುವವರು ಇಲ್ಲದಿರುವುದಕ್ಕಿಂತ ಇರುವುದು ಮೇಲು ಎಂಬುದು ನಮ್ಮ ಅಭಿಪ್ರಾಯ. ಆದರೆ ಕಡತ ಶುದ್ಧವಾದರೆ ಯುದ್ಧ ಶುದ್ಧವಾಯಿತೆಂದು ಭ್ರಮಿಸುವವರು ಅಲ್ಲಿಗೆ ಹೋಗದಿರುವುದೇ ಒಳಿತು. ಪ್ರಶ್ನೆ ಕೇಳುವವರ ಜಾಗವೂ ಈಗ ಭದ್ರವಾಗಿಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿನ ರಕ್ಷಣಾ ಕಾರ್ಯದರ್ಶಿ ಸೇನೆಗಳ ಉನ್ನತ ಕಾನೂನು ಅಧಿಕಾರಿಗಳನ್ನೇ ತೆಗೆಯಲು ಮುಂದಾದರು. ಎಪ್ರಿಲಿನಲ್ಲಿ ಖರೀದಿ ನಿಯಮಾವಳಿಯನ್ನು ಇಡಿಯಾಗಿ ಪರಿಷ್ಕರಿಸಿ ಸಂಕ್ಷಿಪ್ತಗೊಳಿಸಬೇಕೆಂಬ ಅಧ್ಯಕ್ಷರ ಆದೇಶವೂ ಬಂತು. ಸಾವಿರಾರು ಪುಟಗಳ ನಿಯಮಗಳಲ್ಲಿ ಕಸವೂ ಇದ್ದಿರಬಹುದು. ಗುಡಿಸುವವರು ಯಾವುದನ್ನು ಕಸವೆನ್ನುತ್ತಾರೆ ಎಂಬುದನ್ನು ನೋಡಬೇಕು.

ಇಲ್ಲಿರುವ ಕಾನೂನು ವಿದ್ಯಾರ್ಥಿಗಳು ಅಮೆರಿಕದ ಸೇನೆಯ ಕೆಲಸಕ್ಕೆ ಅರ್ಜಿ ಹಾಕಲಾರರು, ಅದಕ್ಕೆ ಆ ದೇಶದ ಪೌರತ್ವ ಬೇಕು. ಆದರೆ ನಮ್ಮ ಸಂವಿಧಾನದ 299ನೇ ವಿಧಿಯನ್ನು ಒಮ್ಮೆ ಓದಿ. ಸರಕಾರದ ಕರಾರು ರಾಷ್ಟ್ರಪತಿಯ ಅಥವಾ ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರ ಪಡೆದವರಿಂದಲೇ ಆಗಬೇಕೆಂದು ಅದು ಹೇಳುತ್ತದೆ. ರಕ್ಷಣಾ ಉತ್ಪಾದನೆಯ ಎಚ್‌ಎಎಲ್, ಬಿಇಎಲ್ ಸಂಸ್ಥೆಗಳ ಕೇಂದ್ರ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಇನ್ನು ಕರ್ನಾಟಕದ್ದೇ ಆದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಿದೆ. ಅದರ 4(ಜಿ) ವಿನಾಯಿತಿಯ ಬಗ್ಗೆ ಪತ್ರಿಕೆಗಳಲ್ಲಿ ನೀವು ಓದಿರುತ್ತೀರಿ. ಅಮೆರಿಕದಲ್ಲಿ ತುರ್ತು ಎಂಬ ಬಾಗಿಲಿದ್ದಂತೆ ನಮ್ಮಲ್ಲಿ ಈ 4(ಜಿ) ಇದೆ. ನಿಮ್ಮ ಊರಿನ ರಸ್ತೆಯದ್ದೋ ಆಸ್ಪತ್ರೆಯದ್ದೋ ಒಂದು ಗುತ್ತಿಗೆಯ ಕಡತವನ್ನು ಮಾಹಿತಿ ಹಕ್ಕಿನಡಿ ತರಿಸಿಕೊಳ್ಳಿ. ಹಣ ಯಾವ ಬಾಬಿನದು, ಟೆಂಡರ್ ಕರೆದಿದ್ದಾರೆಯೇ, ಕರೆಯದಿದ್ದರೆ ಕೊಟ್ಟ ಕಾರಣವೇನು, ಸಹಿ ಯಾರದು ಎಂಬುದನ್ನು ಬರೆದಿಟ್ಟುಕೊಂಡು ಮುಂದಿನ ಸಭೆಗೆ ಬನ್ನಿ. ಅಲ್ಲಿಂದ ಮಾತು ಮುಂದುವರಿಸೋಣ.